ನಾಲ್ಕನೆಯ ಪ್ಯಾರಾ

ಬೈಗುಳಕ್ಕೆ ಇಲ್ಲಿ ಮೂರು ಟ್ರೇ.
ಹಸಿರಿನದು, ಬೈದರೂ ವೋಟು ಹಾಕುವವರಿಗೆ.
ಹಳದಿಯದು, ಹಾಕಿದರೂ ಹಾಕಬಹುದಾದವರಿಗೆ.
ಮೂರನೆಯದು ಟ್ರೇ ಅಲ್ಲ, ಬಿಸ್ಕತ್ತು ಡಬ್ಬದ ಮುಚ್ಚಳ;
ಅದರಲ್ಲಿ ಬಿದ್ದವರಿಗೆ ಎರಡೇ ಸಾಲು.

ಹದಿನಾಲ್ಕು ವರ್ಷದಿಂದ ನಾನು
ಸೇಂಟ್ ಜಾನ್ಸ್‌ನ ಈ ಎರಡನೇ ಮಹಡಿಯಲ್ಲಿ
ಮಾನ್ಯ ಸೈರಸ್ ಪೆನ್ನಿಯವರ ವಿಷಾದ.
ಅವರು ಸಭೆಯಲ್ಲಿದ್ದಾಗ, ಕಾಡ್ ಮೀನಿನ ಔತಣದಲ್ಲಿದ್ದಾಗ,
ಗೊರಕೆಯಲ್ಲಿದ್ದಾಗ
ಅವರ ಪರವಾಗಿ ನಾನೇ ಮನನೊಂದುಕೊಳ್ಳುತ್ತೇನೆ.

ಪ್ಯಾರಾ ಒಂದು: ತಮ್ಮ ಪತ್ರ ತಲುಪಿತು.
ಎರಡು: ಹಿಂದಿನ ಸರ್ಕಾರ.
ಮೂರು: ಬಾಲದಲ್ಲಿ ಸೊನ್ನೆಗಳಿರುವ ಒಂದು ಅಂಕಿ.
ನಾಲ್ಕನೆಯದು ನಾನೇ ಹೆತ್ತದ್ದು, ಮೂರು ರಾತ್ರಿ ತಿಣುಕಿ:
'ತಮ್ಮ ಕಳಕಳಿ ನನ್ನದೂ ಹೌದು.
ಈ ವಿಚಾರ ಸದಾ ನನ್ನ ಮನಸ್ಸಿನಲ್ಲಿದೆ.'
ಹಾವೂ ಸಾಯದು, ಕೋಲೂ ಮುರಿಯದು,
ಕೋಲು ಎತ್ತಿದ್ದು ಹಾವಿಗೂ ತಿಳಿಯದು.

ಆಮೇಲೆ ಸಹಿ. ಮೂಲೆಯಲ್ಲಿ ಯಂತ್ರವಿದೆ,
ಉಕ್ಕಿನ ತೋಳು, ನೀಲಿ ಪೆನ್ನು.
ತಾಸಿಗೆ ಮುನ್ನೂರು ಸಲ ಪ್ರೀತಿಪೂರ್ವಕ.

ಮುರ್ ದ್ವೀಪದಿಂದ ಫಿಲೊಮಿನಾ ಕಿಯೋ ಬರೆಯುತ್ತಾರೆ,
ಫೆರ್ರಿಯ ಬಗ್ಗೆ.
ಹಿಮಗಡ್ಡೆ ಬಂದರೆ ಫೆರ್ರಿ ಇಲ್ಲ. ಗಾಳಿ ಎದ್ದರೆ ಇಲ್ಲ.
ಗಡ್ಡೆಯೂ ಗಾಳಿಯೂ ಇಲ್ಲದ ದಿನ ಇಂಜಿನ್ ಇಲ್ಲ.
ವಾರಕ್ಕೆ ಮೂರು ಸಲ ರಕ್ತ ತೊಳೆಸಿಕೊಳ್ಳಬೇಕಿದ್ದ ಗಂಡ
ಎರಡು ಸಲ ತೊಳೆಸಿಕೊಂಡ. ಆಮೇಲೆ ಒಂದು.
ಮೊದಲ ಕಾಗದ ಹಸಿರಿಗೆ ಹೋಯಿತು,
ನಾಲ್ಕನೆಯದು ಹಳದಿಗೆ,
ಏಳನೆಯದು ಮುಚ್ಚಳಕ್ಕೆ.
ಅದರಲ್ಲಿ ಗಂಡ ಇರಲಿಲ್ಲ.

ಎಂಟನೆಯದು ಹೀಗಿತ್ತು:
'ನಿಮ್ಮ ಏಳೂ ಉತ್ತರಗಳನ್ನು ಒಂದರ ಮೇಲೊಂದಿಟ್ಟು
ಅಡುಗೆಮನೆ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ.
ಬೆಳಕು ತೂರಿ ಬಂತು. ಏಳು ಸಹಿ ಕೂಡಿ ಒಂದೇ ಸಹಿ,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ನಮ್ಮ ಆಂಬ್ರೋಸನದು ಕೊನೆಕೊನೆಗೆ
ಚೆಕ್ಕಿನ ಗೆರೆ ಬಿಟ್ಟು ಜಾರುತ್ತಿತ್ತು,
ಬ್ಯಾಂಕಿನವರು ಇದು ಅವನದಲ್ಲ ಎಂದು ತಿರುಗಿಸುತ್ತಿದ್ದರು.
ಪೆನ್ನಿಯವರನ್ನು ಇನ್ನು ನಾನು ಕೇಳುವುದಿಲ್ಲ.
ನಾಲ್ಕನೆಯ ಪ್ಯಾರಾ ಬರೆದವರೇ, ನಿಮ್ಮನ್ನು ಕೇಳುತ್ತೇನೆ:
ಸದಾ ಎಂದರೆ ಎಷ್ಟು ಗಂಟೆಗೆ?'

ಇದಕ್ಕೆ ನನ್ನಲ್ಲಿ ಪ್ಯಾರಾ ಇರಲಿಲ್ಲ.
ಒಳಗೆ ಒಯ್ದೆ. ಮಾನ್ಯರು ಓದಿದರು,
ನಾನು ಕಂಡಂತೆ ಇದೇ ಮೊದಲು, ಕೊನೆಯ ಸಾಲಿನವರೆಗೆ.
ಕನ್ನಡಕ ತೆಗೆದರು. ಬಂದರಿನತ್ತ ನೋಡಿದರು.
ಹೊರಗೆ ಮಂಜು, ಎಲ್ಲೋ ಒಂದು ಹಡಗಿನ ಕೂಗು.
ನನಗೆ ಏನೋ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

'ಆ ಯಂತ್ರಕ್ಕೆ,' ಎಂದರು,
'ಇನ್ನೆರಡು ಬಗೆಯ ಸಹಿ ಕಲಿಸಲು ಬರುತ್ತದೆಯೇ,
ವಿಚಾರಿಸಿ.'

ಬರುತ್ತದೆ. ಕಲಿಸಿದೆವು.
ಮೂರನೆಯದು ತುಸು ನಡುಗುತ್ತದೆ,
ಸಾವಿನ ಮನೆಗಳಿಗೆ ಅದು.

ಆ ರಾತ್ರಿ ಎಲ್ಲರೂ ಹೋದ ಮೇಲೆ
ಹಾಳೆ ತೆಗೆದು ನನ್ನ ಕೈಯಲ್ಲೇ ಬರೆದೆ.
ಅಕ್ಷರ ಎಷ್ಟು ಕೆಟ್ಟಿದೆ!
'ಗೊತ್ತಿಲ್ಲ ಅಮ್ಮಾ. ವಿಲ್ಫ್ರೆಡ್ ಪಾರ್ಡಿ, ಗುಮಾಸ್ತ.'
ಅಷ್ಟೇ. ಚೀಟಿ ನನ್ನ ದುಡ್ಡಿನದು.

ಟಪಾಲಿನ ಚೀಲ ಒಂಬತ್ತು ದಿನದಿಂದ ಧಕ್ಕೆಯಲ್ಲಿ ಕೂತಿದೆಯಂತೆ.
ದಿನಾ ಬೆಳಗ್ಗೆ ಫೆರ್ರಿ ಕಚೇರಿಗೆ ಫೋನು ಮಾಡುತ್ತೇನೆ.
ಹೆಣ್ಣುದನಿಯೊಂದು, ಮುದ್ರಿಸಿಟ್ಟದ್ದು:
ತಮ್ಮ ತಾಳ್ಮೆ ನಮಗೆ ಅಮೂಲ್ಯ.
ಯಾರೋ ಬರೆದಿದ್ದಾರೆ.
ಚೆನ್ನಾಗಿಯೇ ಬರೆದಿದ್ದಾರೆ.